ಲಂಚವೂ ಬಡವನ ಹಕ್ಕೂ



ಲಂಚವು ಕೆಟ್ಟದ್ದೆಂಬದನ್ನು ನಮ್ಮಲ್ಲಿ ಯಾರೂ ಅಲ್ಲಗಳೆಯುವದಿಲ್ಲ. ಕೊಡುವವನೂ ಅಲ್ಲಗಳೆಯನು, ತೆಗೆದುಕೊಳ್ಳುವವನೂ ಅಲ್ಲಗಳೆಯನು. ಆದರೆ ಆ ಕೇಡು ಯಾರಿಗೆ ವಿರೋಧವಾಗಿ ನಡೆಯಿತು ಎಂದು ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಬರುವದಿಲ್ಲ. ಸರಕಾರಕ್ಕೆ ವಿರೋಧವಾಗಿ ನಡೆಯಿತೆಂದು ಒಬ್ಬನು ಹೇಳುವನು. ಯಾಕಂದರೆ ಸರಕಾರದ ಸಂಬಳವನ್ನು ಉಂಡವನು ಸರಕಾರದ ನಂಬಿಕೆಯನ್ನೇ ಕೆಡಿಸಿದನು. ನೀತಿಗೆ ವಿರೋಧವಾಗಿ ನಡೆಯಿತೆಂದು ಮತ್ತೊಬ್ಬನು ಹೇಳುವನು. ಈ ಎರಡು ಉತ್ತರಗಳೂ ಸುಳ್ಳಲ್ಲ. ಆದಾಗ್ಯೂ ಎರಡರಲ್ಲಿಯೂ ಒಬ್ಬ ಮನುಷ್ಯನು ಬಿಟ್ಟುಹೋಗಿದ್ದಾನೆ. ಕಚೇರಿಯ ಜಗಲಿಯ ಮೇಲೆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುವವನೇ ಆ ಮನುಷ್ಯನು. ಅವನನ್ನು ಕುರಿತು ಸ್ವಲ್ಪ ವಿಚಾರಿಸೋಣ.

ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯ ಒಬ್ಬ ರೈತನನ್ನು ಮನಸ್ಸಿಗೆ ತಂದುಕೊಳ್ಳಿರಿ. ಬೆರಳು ತೋರಿಸಿ ಇವನೇ ಎಂದು ಹೇಳತಕ್ಕ ವ್ಯಕ್ತಿ ಇವನಲ್ಲ. ದೃಷ್ಟಾಂತಕ್ಕಾಗಿ ಮಾತ್ರ ಇವನನ್ನು ನಿಲ್ಲಿಸುತ್ತೇವೆ. ಇವನ ತಂದೆಯು ಊರ ಹೊರಗಿನ ಸರಕಾರಿ ಭೂಮಿಯಲ್ಲಿ ಪೊದೆ ಕಡಿದು, ಕಲ್ಲು ಆರಿಸಿ, ಒಂದೂವರೆ ಎಕರೆಯನ್ನು ಹಸನು ಮಾಡಿದನು. ಮಗನು ಅದರಲ್ಲಿಯೇ ಬಿತ್ತಿ ಬೆಳೆದು ಹೆಂಡತಿ ಮಕ್ಕಳನ್ನು ಸಾಕುತ್ತಾನೆ. ಇಂಥ ಸಾಗುವಳಿಗೆ ನಮ್ಮ ಸೀಮೆಯಲ್ಲಿ ಬಗರ್ ಹುಕುಂ, ಅಂದರೆ ಅಪ್ಪಣೆಯಿಲ್ಲದ ಸಾಗುವಳಿ ಎಂದು ಹೆಸರು. ಇದನ್ನು ಸಕ್ರಮಗೊಳಿಸುವದಕ್ಕೆ ಸರಕಾರವು 1991ರಲ್ಲಿ ನಮೂನೆ 50ನ್ನೂ, ಆ ದಶಕದ ಕೊನೆಗೆ ನಮೂನೆ 53ನ್ನೂ, 2018ರ ತಿದ್ದುಪಡಿಯ ತರುವಾಯ ನಮೂನೆ 57ನ್ನೂ ಜನರ ಮುಂದೆ ಇಟ್ಟಿತು. ಅರ್ಜಿಗಳನ್ನು ತೂಗಿ ನೋಡುವದಕ್ಕೆ ತಾಲ್ಲೂಕಿಗೊಂದು ಸಮಿತಿಯನ್ನು ಶಾಸಕರ ಅಧ್ಯಕ್ಷತೆಯಲ್ಲಿ ನೇಮಿಸುವ ಏರ್ಪಾಡಾಯಿತು.

ನಮ್ಮ ರೈತನು ಅರ್ಜಿ ಬರೆಸಿ ಕೊಟ್ಟನು. ಅರ್ಜಿಯು ಮೇಜಿನಿಂದ ಮೇಜಿಗೆ ಹೋಗಬೇಕಾಗಿತ್ತು. ಎಲ್ಲಿಯೋ ಒಂದು ಮೇಜಿನ ಮೇಲೆ ಅದು ನಿಂತಿತು. ಕೈ ಬೆಚ್ಚಗೆ ಮಾಡಿದರೆ ಮುಂದಕ್ಕೆ ನಡೆದೀತೆಂಬ ಮಾತು ಮಧ್ಯಸ್ಥನೊಬ್ಬನ ಬಾಯಿಂದ ಅವನ ಕಿವಿಗೆ ಬಿತ್ತು. ಈಗ ಅವನ ಮುಂದೆ ಎರಡು ದಾರಿಗಳುಂಟು. ಕರೆಯುವ ಹಸುವನ್ನು ಮಾರಿ ಹಣ ಕೊಡುವದು ಒಂದು. ಕೊಡದೆ ಸುಮ್ಮನೆ ಕಾಯುವದು ಮತ್ತೊಂದು. ಹಾಗೆ ಕಾಯುತ್ತಿರುವಾಗ ಹಣವಂತನಾದ ನೆರೆಯವನು ಅದೇ ನೆಲಕ್ಕೆ ಕಾಗದ ಮಾಡಿಸಿಕೊಂಡುಬಿಟ್ಟರೆ ಇವನು ತನ್ನ ತಂದೆಯು ಹಸನು ಮಾಡಿದ ಹೊಲದಲ್ಲಿಯೇ ಕೂಲಿಯಾಗಬೇಕಾದೀತು.

ಇಲ್ಲಿ ಒಬ್ಬನು ಆಕ್ಷೇಪಿಸಬಹುದು: ಭೂಮಿಯು ಮಂಜೂರಾಗುವ ವರೆಗೆ ಅದು ಸರಕಾರದ್ದಷ್ಟೆ, ಇವನದಲ್ಲದ ವಸ್ತುವಿನಲ್ಲಿ ಇವನ ಹಕ್ಕು ಎಲ್ಲಿಂದ ಬಂತು? ಈ ಆಕ್ಷೇಪಕ್ಕೆ ಬಲವುಂಟು, ಮತ್ತು ಇದಕ್ಕೆ ಸರಿಯಾದ ಉತ್ತರವನ್ನು ಹುಡುಕುವಾಗಲೇ ನಮ್ಮ ಪ್ರಶ್ನೆಯ ತಿರುಳು ಸಿಕ್ಕುವದು. ಆ ಭೂಮಿಯು ಅವನಿಗೆ ಸಿಕ್ಕಲೇಬೇಕೆಂದು ನಾವು ಹೇಳುವದಿಲ್ಲ. ಅವನ ಅರ್ಜಿಯನ್ನು ಓದತಕ್ಕದ್ದು. ಅವನ ಸಾಕ್ಷಿಯನ್ನು ಕೇಳತಕ್ಕದ್ದು. ಹಣವಂತನನ್ನು ಅಳೆಯುವ ಅಳತೆಯಿಂದಲೇ ಅವನನ್ನೂ ಅಳೆಯತಕ್ಕದ್ದು. ಇಲ್ಲವೆಂದು ಹೇಳುವದಾದರೆ ಕಾರಣವನ್ನು ಹೇಳತಕ್ಕದ್ದು. ಇವು ಭೂಮಿಗಿಂತ ಮುಂಚೆಯೇ ಅವನವು. ಯಾರೂ ಅವನಿಗೆ ದಾನವಾಗಿ ಕೊಟ್ಟವುಗಳಲ್ಲ. ಮನುಷ್ಯನಾಗಿ ಹುಟ್ಟಿದ್ದರಿಂದಲೂ ಈ ದೇಶದ ಪ್ರಜೆಯಾಗಿರುವದರಿಂದಲೂ ಅವನಿಗೆ ಸೇರಿದವುಗಳು. ಲಂಚವು ಮೊಟ್ಟಮೊದಲು ಕದಿಯುವದು ಇವುಗಳನ್ನೇ. ಹಸುವು ಆಮೇಲೆ ಹೋಗುವದು. ಹೊಲವು ಅದರ ತರುವಾಯ ಹೋಗುವದು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯನ್ನು ನಮ್ಮ ಹಿರಿಯರು ನಗುತ್ತಾ ಹೇಳುತ್ತಿದ್ದರು. ಅದರೊಳಗೆ ಎಷ್ಟು ಕಣ್ಣೀರು ಅಡಗಿದೆ ಎಂಬದು ಜಗಲಿಯ ಮೇಲೆ ಕಾದವನಿಗೆ ಮಾತ್ರ ಗೊತ್ತು.

ಇದು ನಮ್ಮ ಸೀಮೆಗೆ ಹೊಸ ಸಂಗತಿಯಲ್ಲ. ಸೊರಬ ತಾಲ್ಲೂಕಿನ ನೂರಾರು ಶಿಲಾಶಾಸನಗಳನ್ನು ರೈಸ್ ಸಾಹೇಬರು 1904ರಲ್ಲಿ ಅಚ್ಚು ಹಾಕಿಸಿದರು. ಈ ನಾಡಿನ ದಾನಶಾಸನಗಳಲ್ಲಿ ಅನೇಕವು, ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವವನಿಗೆ ಘೋರವಾದ ಶಾಪವನ್ನು ಹಾಕಿ ಮುಗಿಯುತ್ತವೆ. ಕಲ್ಲಿನಲ್ಲಿ ಬರೆದರೂ ಸಾಲದು, ಬರೆದದ್ದನ್ನು ಕಾಯುವವನೇ ಅದನ್ನು ನುಂಗಬಹುದು ಎಂಬ ಭಯವು ಆ ಕಾಲದಲ್ಲಿಯೂ ಇದ್ದದರಿಂದಲೇ ಶಾಪವು ಬೇಕಾಯಿತು. ಬೇಲಿಯೇ ಎದ್ದು ಹೊಲವನ್ನು ಮೇಯುವ ಭಯವದು.

ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದದ್ದನ್ನು ಹಿರಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಅನೇಕರಿರುವರು. ಅಲ್ಲಿಯ ಗೇಣಿದಾರರು ಒಡೆಯರಿಗೆ ಭತ್ತವನ್ನು ಅಳೆದು ಕೊಡುತ್ತಿದ್ದರು. ಅಳೆಯುವ ಕೊಳಗವು ಇರಬೇಕಾದದ್ದಕ್ಕಿಂತ ದೊಡ್ಡದೆಂಬದೇ ಅವರ ದೂರಿಗೆ ಒಂದು ಮುಖ್ಯ ಕಾರಣವಾಯಿತು. ಎಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹವು ಆರಂಭವಾಯಿತು. ಉಳುವದಕ್ಕೆ ಗದ್ದೆಗೆ ಇಳಿದವರು ಸೆರೆಗೆ ಹೋದರು. ಶಾಂತವೇರಿ ಗೋಪಾಲಗೌಡರು ಅವರ ಸಂಗಡ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾರವರು ಬಂದು ತಾವೂ ಸೆರೆಯಾದರು. ಆ ಕೊಳಗವನ್ನು ಕುರಿತು ಯೋಚಿಸಿರಿ. ದೊಡ್ಡ ಕೊಳಗದಿಂದ ಅಳೆಯುವದು ಮೋಸವೋ, ಮನುಷ್ಯನಿಗೆ ಮಾಡಿದ ಅವಮಾನವೋ? ಗೇಣಿದಾರನಿಗೆ ಅವೆರಡೂ ಒಂದೇ ಆಗಿದ್ದವು. ಹೆಚ್ಚಾಗಿ ಹೋದ ಭತ್ತಕ್ಕಿಂತಲೂ, ಕೇಳುವದಕ್ಕೆ ನೀನು ಯಾರು ಎಂಬ ಮಾತು ಅವನನ್ನು ಹೆಚ್ಚಾಗಿ ಇರಿಯಿತು.

ಆ ಕೂಗು ತಡವಾಗಿಯಾದರೂ ಕಾಯಿದೆಯೊಳಗೆ ಸೇರಿತು. 1961ರ ಭೂಸುಧಾರಣಾ ಕಾಯಿದೆಯನ್ನು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ತಿದ್ದಿ ಬಲಪಡಿಸಿದರು. ಉಳುವವನು ನಮೂನೆ 7ನ್ನು ತುಂಬಿ ಭೂ ನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸಾಧಿಸತಕ್ಕದ್ದಾಯಿತು. ಸಾವಿರಾರು ಮನೆಗಳಿಗೆ ಇದರಿಂದ ಅನ್ನವಾಯಿತು. ಆದರೆ ಅಂದಿನಿಂದ ಬಡವನ ಹಕ್ಕು ಒಂದು ಕಾಗದದ ರೂಪವನ್ನು ತಾಳಿತೆಂಬದನ್ನು ಗಮನಿಸಿರಿ. ಒಡೆಯನ ಕಣದಲ್ಲಿದ್ದ ಕೊಳಗವು ಈಗ ಕಚೇರಿಯ ಮೇಜಿಗೆ ಬಂತು. ಮೇಜಿನ ಹಿಂದೆ ಇರುವವನು ಪ್ರಾಮಾಣಿಕನಾಗಿದ್ದರೆ ಕಾಯಿದೆಯು ಬದುಕುವದು. ಇಲ್ಲದಿದ್ದರೆ ಕಾಯಿದೆಯು ಪುಸ್ತಕದಲ್ಲಿದ್ದರೂ ಬಡವನ ಪಾಲಿಗೆ ಸತ್ತಂತೆಯೇ.

ಇನ್ನು ನಮ್ಮ ಊರಿನಿಂದ ಲೋಕದ ಕಡೆಗೆ ಕಣ್ಣೆತ್ತೋಣ. ವಿಶ್ವಸಂಸ್ಥೆಯು 1948ನೇ ಇಸವಿ ದಶಂಬರ 10ರಂದು ಪ್ಯಾರಿಸ್ ಪಟ್ಟಣದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಹೊರಡಿಸಿತು. ಐವತ್ತೈದು ವರ್ಷಗಳ ಮೇಲೆ, 2003ನೇ ಇಸವಿ ದಶಂಬರ 9ರಂದು, ಮೆಕ್ಸಿಕೊ ದೇಶದ ಮೆರಿಡಾ ಪಟ್ಟಣದಲ್ಲಿ ಭ್ರಷ್ಟಾಚಾರದ ವಿರುದ್ಧದ ಒಡಂಬಡಿಕೆಗೆ ರಾಷ್ಟ್ರಗಳು ಸಹಿ ಹಾಕತೊಡಗಿದವು. ನಮ್ಮ ದೇಶವು 2011ರಲ್ಲಿ ಅದನ್ನು ಸ್ಥಿರಪಡಿಸಿತು. ಆದಕಾರಣ ದಶಂಬರ 9 ಭ್ರಷ್ಟಾಚಾರ ವಿರೋಧದ ದಿನವೂ 10 ಮಾನವ ಹಕ್ಕುಗಳ ದಿನವೂ ಆಗಿವೆ. ಪಂಚಾಂಗದಲ್ಲಿ ಇವು ಅಕ್ಕಪಕ್ಕದ ಮನೆಗಳು. ಆದರೆ ಬಹುಕಾಲದ ವರೆಗೆ ಒಂದು ಮನೆಯವರು ಮತ್ತೊಂದು ಮನೆಯ ಬಾಗಿಲನ್ನು ತಟ್ಟಿದ್ದು ಕಡಿಮೆ. ಹಕ್ಕುಗಳ ಪರವಾಗಿ ಹೋರಾಡುವವರು ಸೆರೆಮನೆ, ಚಿತ್ರಹಿಂಸೆ, ಬಾಯಿಗೆ ಹಾಕಿದ ಬೀಗ ಮುಂತಾದವುಗಳನ್ನು ನೋಡಿದರು. ಲಂಚದ ವಿರುದ್ಧ ಹೋರಾಡುವವರು ಖಜಾನೆ, ವ್ಯಾಪಾರ, ಗುತ್ತಿಗೆ, ಪರದೇಶದಲ್ಲಿ ಬಚ್ಚಿಟ್ಟ ಹಣ ಇವುಗಳನ್ನು ನೋಡಿದರು. ಒಡಂಬಡಿಕೆಯ ಮುನ್ನುಡಿಯಲ್ಲಿ ಅಂದಿನ ಮಹಾಕಾರ್ಯದರ್ಶಿ ಕೊಫಿ ಅನ್ನಾನ್‌ರವರು ಭ್ರಷ್ಟಾಚಾರದಿಂದ ಮಾನವ ಹಕ್ಕುಗಳ ಉಲ್ಲಂಘನೆಯಾಗುತ್ತದೆಂದೂ ಬಡವರಿಗೇ ಹೆಚ್ಚು ಪೆಟ್ಟು ಬೀಳುತ್ತದೆಂದೂ ಬರೆದರು. ಆದರೆ ಒಡಂಬಡಿಕೆಯ ಉದ್ದೇಶಗಳನ್ನು ಹೇಳುವ ಮೊದಲನೆಯ ವಿಧಿಯಲ್ಲಿ ಆ ಹಕ್ಕುಗಳ ಹೆಸರಿಲ್ಲ. ನಮ್ಮ ಸುಪ್ರೀಮ್ ಕೋರ್ಟು 2012ರಲ್ಲಿ, ಬೇರೂರಿದ ಭ್ರಷ್ಟಾಚಾರವು ತಾನೇ ಮಾನವ ಹಕ್ಕುಗಳ ಉಲ್ಲಂಘನೆಯೆಂಬ ಅಭಿಪ್ರಾಯವನ್ನು ಕೊಟ್ಟಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿಯ ಮುಂದೆ 2015ರಲ್ಲಿ ಇದೇ ವಿಷಯದ ವರದಿಯು ಬಂತು. ಹೀಗೆ ನೆರೆಯವರಿಬ್ಬರೂ ಈಗ ಮಾತಾಡತೊಡಗಿದ್ದಾರೆ.

ಇವೆರಡನ್ನು ಕೂಡಿಸುವದರಿಂದ ಜಗಲಿಯ ಮೇಲೆ ಕೂತವನಿಗೆ ಏನು ಪ್ರಯೋಜನ? ಹೆಸರು ಬದಲಾದ ಮಾತ್ರಕ್ಕೆ ಹಸುವು ಕೊಟ್ಟಿಗೆಗೆ ತಿರುಗಿ ಬರುವದೋ? ಈ ಪ್ರಶ್ನೆಯು ನ್ಯಾಯವಾದದ್ದು. ನಮಗೆ ಕಾಣುವ ಮೂರು ಪ್ರಯೋಜನಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಲೆಕ್ಕವು ಸರಿಯಾಗುವದು. 1984ರ ಕಾಯಿದೆಯಿಂದ ನಮ್ಮ ನಾಡಿಗೆ ಲೋಕಾಯುಕ್ತವು ಬಂತು. ಬಳ್ಳಾರಿಯ ಕಬ್ಬಿಣದ ಅದಿರಿನ ಅಕ್ರಮಗಳನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು 2011ರ ಜುಲಾಯಿಯಲ್ಲಿ ಕೊಟ್ಟ ವರದಿಯು ಖಜಾನೆಗೆ ಆದ ನಷ್ಟವನ್ನು 16,085 ಕೋಟಿ ರೂಪಾಯಿಗಳೆಂದು ಎಣಿಸಿತು. ಓದಿದವರು ಬೆರಗಾದರು. ಆದರೆ ಅದಿರಿನ ಲಾರಿಗಳ ಕೆಂಪು ಧೂಳಿನಿಂದ ಪೈರು ಮುಚ್ಚಿಹೋದ ರೈತನ ನಷ್ಟವೂ, ಆ ಧೂಳನ್ನು ಉಸಿರಾಡಿ ಕೆಮ್ಮಿದ ಕೂಸಿನ ನಷ್ಟವೂ ಆ ಅಂಕೆಯೊಳಗೆ ಸೇರಿಲ್ಲ. ಖಜಾನೆಯ ಲೆಕ್ಕದಲ್ಲಿ ರೂಪಾಯಿಗಳು ಕಾಣುವವು. ಹಕ್ಕುಗಳ ಲೆಕ್ಕದಲ್ಲಿ ಮನುಷ್ಯರು ಕಾಣುವರು. ಎರಡು ಪುಸ್ತಕಗಳನ್ನೂ ತೆರೆದಿಡದೆ ಕೇಡಿನ ಪೂರ್ಣ ಮೊತ್ತವು ತಿಳಿಯದು.

ಎರಡನೆಯದಾಗಿ, ಕಳೆದುಕೊಂಡವನಿಗೆ ತಿರುಗಿ ಕೊಡಬೇಕೆಂಬ ಮಾತು ಹುಟ್ಟುವದು. ಲಂಚಗುಳಿಯನ್ನು ಸೆರೆಗೆ ಹಾಕಿ ದಂಡವನ್ನು ಖಜಾನೆಗೆ ಕಟ್ಟಿಸಿದರೆ ಕಾಯಿದೆಗೆ ತೃಪ್ತಿಯಾಗಬಹುದು. ಹಸುವನ್ನು ಮಾರಿದವನಿಗೆ ಏನು ಸಿಕ್ಕಿತು? ನಮ್ಮ ವಾಚಕರು ಜಕ್ಕಾಯನ ವೃತ್ತಾಂತವನ್ನು ಬಲ್ಲರು. ಸುಂಕದವರ ಮುಖ್ಯಸ್ಥನಾದ ಆತನು ಮನಸ್ಸು ತಿರುಗಿದಾಗ ನಾಲ್ಕರಷ್ಟನ್ನು ಕೊಡುತ್ತೇನೆಂದದ್ದು ಕೈಸರನ ಭಂಡಾರಕ್ಕಲ್ಲ. ತಾನು ಯಾರನ್ನು ಮೋಸಗೊಳಿಸಿದ್ದನೋ ಅವರಿಗೆ. ಮೆರಿಡಾದ ಒಡಂಬಡಿಕೆಯ 35ನೇ ವಿಧಿಯು ಸಹ, ನಷ್ಟಪಟ್ಟವನು ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗತಕ್ಕ ದಾರಿಯನ್ನು ರಾಷ್ಟ್ರಗಳು ಮಾಡಿಕೊಡಬೇಕೆಂದು ಹೇಳುತ್ತದೆ. ಕರ್ನಾಟಕದ ಸಕಾಲ ಕಾಯಿದೆಯು 2011ರಲ್ಲಿ ಹುಟ್ಟಿದಾಗ, ಗೊತ್ತುಮಾಡಿದ ದಿನಕ್ಕಿಂತ ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ವರೆಗೆ ಕೊಡತಕ್ಕದ್ದೆಂದು ವಿಧಿಸಿತು. ಮೊತ್ತವು ಚಿಕ್ಕದು. ಆದರೂ ತಡವಾದರೆ ನಷ್ಟವು ಅರ್ಜಿದಾರನದು ಎಂದು ಒಪ್ಪಿಕೊಂಡದ್ದು ಚಿಕ್ಕ ಸಂಗತಿಯಲ್ಲ. ಬಳ್ಳಾರಿಯ ವ್ಯಾಜ್ಯವನ್ನು ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಮ್ ಕೋರ್ಟಿನ ವರೆಗೆ ಒಯ್ದಾಗ, ಆ ನ್ಯಾಯಾಲಯವು ಅಕ್ರಮದ ಗಣಿಗಳನ್ನು ರದ್ದುಮಾಡಿ, ಸಂಗ್ರಹವಾದ ಹಣವನ್ನು ಕೆಟ್ಟುಹೋದ ಸೀಮೆಯ ನೆಲಕ್ಕೂ ಜನಕ್ಕೂ ವಿನಿಯೋಗಿಸಬೇಕೆಂದು 2013ರಲ್ಲಿ ತೀರ್ಪಿತ್ತಿತು. ಆ ಹಣವು ಹಳ್ಳಿಗಳಿಗೆ ತಲಪುವದಕ್ಕೆ ವರ್ಷಗಟ್ಟಲೆ ಕಾಯಬೇಕಾದದ್ದು ದುಃಖಕರ. ಆದರೆ ತೋರಿಸಿದ ದಾರಿಯು ನೆಟ್ಟಗಿನದು.

ಮೂರನೆಯದಾಗಿ, ಕೊಡುವವರೊಳಗೆ ಭೇದವನ್ನು ಕಾಣುವೆವು. 2018ರ ತಿದ್ದುಪಡಿಯ ಪ್ರಕಾರ ಲಂಚವನ್ನು ಕೊಡುವವನೂ ಅಪರಾಧಿ. ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆಯುಂಟು. ಕಾಯಿದೆಯ ಉದ್ದೇಶವು ಒಳ್ಳೆಯದು. ಆದರೆ ತನ್ನದನ್ನು ಪಡೆಯುವದಕ್ಕಾಗಿ ಕೊಟ್ಟವನೂ ಪರರದನ್ನು ಕಸಿಯುವದಕ್ಕಾಗಿ ಕೊಟ್ಟವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರೋ? ಹಸುವನ್ನು ಮಾರಿದವನು ದೋಚಲ್ಪಟ್ಟವನು. ಅವನ ನೆಲಕ್ಕೆ ಕಾಗದ ಮಾಡಿಸಿಕೊಂಡ ನೆರೆಯವನು ದೋಚಿದವನು. ಇಬ್ಬರ ಕೈಯಿಂದಲೂ ನೋಟುಗಳೇ ಹೋದವು. ಆದರೆ ಒಬ್ಬನು ಹಕ್ಕನ್ನು ಕಳೆದುಕೊಂಡನು, ಇನ್ನೊಬ್ಬನು ಹಕ್ಕನ್ನು ಕದ್ದನು. ಹಣವನ್ನು ಮಾತ್ರ ನೋಡುವ ಕಣ್ಣಿಗೆ ಈ ಭೇದವು ಕಾಣದು.

ಕೆಲವರು ಎರಡು ಭಯಗಳನ್ನು ಹೇಳುತ್ತಾರೆ. ಪ್ರತಿಯೊಂದು ಲಂಚವನ್ನೂ ಹಕ್ಕಿನ ಉಲ್ಲಂಘನೆ ಎಂದು ಕರೆದರೆ ಆ ದೊಡ್ಡ ಮಾತು ಸವೆದ ನಾಣ್ಯದಂತೆ ಆಗದೋ ಎಂಬದು ಒಂದು ಭಯ. ಆಗಬಹುದು. ಆದದರಿಂದ ಪ್ರತಿಯೊಂದು ಸಂಗತಿಯಲ್ಲಿಯೂ ಈ ಲಂಚದಿಂದ ಯಾರ ಪಾಲು ಯಾರ ಮನೆಗೆ ಹೋಯಿತು ಎಂದು ಕೇಳತಕ್ಕದ್ದು. ಉತ್ತರದಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ಆಗ ಆ ಮಾತನ್ನು ಆಡತಕ್ಕದ್ದು. ಲಂಚದ ವಿರುದ್ಧ ಎದ್ದ ಕೋಪವು ತಾನೇ ಅನ್ಯಾಯವಾಗಬಹುದೆಂಬದು ಎರಡನೆಯ ಭಯ. ಇದು ಮೊದಲನೆಯದಕ್ಕಿಂತ ಭಾರವಾದದ್ದು. ಭ್ರಷ್ಟರನ್ನು ಶಿಕ್ಷಿಸುತ್ತೇವೆಂದು ಹೇಳಿ ತಮ್ಮ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ ಅರಸರನ್ನು ಲೋಕವು ಕಂಡಿದೆ. ಹಕ್ಕು ಎಂಬದು ಜಗಲಿಯ ಮೇಲಿರುವವನಿಗೂ ಉಂಟು, ಮೇಜಿನ ಹಿಂದೆ ಇರುವವನಿಗೂ ಉಂಟು. ಆರೋಪ ಹೊತ್ತವನ ಮಾತನ್ನು ಕೇಳದೆ ಅವನನ್ನು ಕಳ್ಳನೆಂದು ಸಾರಿದರೆ ನಾವೂ ದೊಡ್ಡ ಕೊಳಗದಿಂದ ಅಳೆದವರೇ ಆದೇವು. ಎರಡನ್ನೂ ಕೂಡಿಸಬೇಕೆನ್ನುವದಕ್ಕೆ ಇದೂ ಒಂದು ಕಾರಣ: ಹಕ್ಕಿನ ವಿಚಾರವು ಲಂಚದ ವಿರುದ್ಧದ ಹೋರಾಟಕ್ಕೆ ಕಣ್ಣನ್ನೂ ಕೊಡುವದು, ಕಡಿವಾಣವನ್ನೂ ಹಾಕುವದು.

ಯಂತ್ರವು ಬಂದ ಮೇಲೆ ಈ ಚಿಂತೆಗಳು ಯಾಕೆ ಎಂದು ಹೇಳುವವರೂ ಉಂಟು. ಸುಮಾರು 2000ದಿಂದ ಭೂಮಿ ಯೋಜನೆಯು ನಮ್ಮ ರಾಜ್ಯದ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ರೈತನು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿಯನ್ನು ಪಡೆಯುವಂತಾಯಿತು. ಒಂದು ಪ್ರತಿಗಾಗಿ ಕೈ ಕೈ ಹಿಡಿಯುವ ಅವಸ್ಥೆಯು ಇದರಿಂದ ಬಹಳ ಮಟ್ಟಿಗೆ ತಪ್ಪಿತು, ಇದಕ್ಕಾಗಿ ಕೃತಜ್ಞರಾಗಿರೋಣ. ಆದರೆ ಬರೆದದ್ದನ್ನು ಯಂತ್ರವು ಪಕ್ಷಪಾತವಿಲ್ಲದೆ ತೋರಿಸುವದೇ ಹೊರತು, ಏನನ್ನು ಬರೆಯಬೇಕೆಂಬದನ್ನು ಇನ್ನೂ ಮನುಷ್ಯನೇ ಗೊತ್ತುಮಾಡುತ್ತಾನೆ. ಹೊಲಕ್ಕೆ ಹೋಗಿ ಸ್ಥಳವನ್ನು ನೋಡುವವನೂ ನೆರೆಹೊರೆಯವರ ಹೇಳಿಕೆಯನ್ನು ಬರೆದುಕೊಳ್ಳುವವನೂ ಮನುಷ್ಯನೇ.

ಹಾಗಾದರೆ ಹಳ್ಳಿಯಲ್ಲಿರುವ ನಾವು ಮಾಡತಕ್ಕದ್ದೇನು? ಪರರಾಷ್ಟ್ರಗಳ ಒಡಂಬಡಿಕೆಗಳನ್ನು ತಿದ್ದುವದು ನಮ್ಮ ಕೈಯಲ್ಲಿಲ್ಲ. ಆದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಯಾವ ಬಡವನಾದರೂ ತನ್ನ ಅರ್ಜಿಯು ಯಾವ ಮೇಜಿನ ಮೇಲೆ, ಎಷ್ಟು ದಿನದಿಂದ, ಯಾವ ಕಾರಣದಿಂದ ನಿಂತಿದೆ ಎಂದು ಬರೆದು ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕೆಂದು ಕಾಯಿದೆಯು ಹೇಳುತ್ತದೆ. ಓದು ಬಲ್ಲವನು ಓದು ಬಾರದ ನೆರೆಯವನಿಗೆ ಆ ಅರ್ಜಿಯನ್ನು ಬರೆದುಕೊಟ್ಟರೆ ಅದು ಅನ್ನದಾನಕ್ಕೆ ಕಡಿಮೆಯಾದ ಉಪಕಾರವಲ್ಲ. ಒಬ್ಬನೇ ಕಚೇರಿಗೆ ಹೋಗಲು ಅಂಜುವವನ ಜೊತೆಯಲ್ಲಿ ಇಬ್ಬರು ನಡೆದು ಹೋದರೆ ಅರ್ಧ ಭಯವು ದಾರಿಯಲ್ಲಿಯೇ ಬಿದ್ದುಹೋಗುವದು. ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದುವಾಗ ಎದ್ದು ನಿಂತು, ಇಂಥ ವಿಧವೆಯ ಹೆಸರು ಯಾಕೆ ಬಿಟ್ಟುಹೋಯಿತೆಂದು ಮೃದುವಾಗಿ ಆದರೆ ಸ್ಪಷ್ಟವಾಗಿ ಕೇಳುವವನು, ತಿಳಿಯದೆಯೇ, ಪ್ಯಾರಿಸ್ ಪಟ್ಟಣದ ಘೋಷಣೆಯನ್ನೂ ಮೆರಿಡಾದ ಒಡಂಬಡಿಕೆಯನ್ನೂ ಒಂದೇ ಮಾತಿನಲ್ಲಿ ಕೂಡಿಸಿದವನಾಗುವನು.

ಕೊನೆಯದಾಗಿ ಒಂದು ಕಠಿನವಾದ ಮಾತು. ನಮಗೆ ಬೇಗ ಕೆಲಸವಾಗಬೇಕಾದಾಗ ನಾವೂ ಸಾಲಿನಿಂದ ಹೊರಗೆ ಬಂದು ಪರಿಚಯದವರ ಮೂಲಕ ಏನನ್ನಾದರೂ ಕಳುಹಿಸುತ್ತೇವಲ್ಲವೇ? ಯಾರಿಗೂ ಕೇಡು ಮಾಡಲಿಲ್ಲವೆಂದು ಮನಸ್ಸನ್ನು ಸಮಾಧಾನಪಡಿಸುತ್ತೇವೆ. ಆದರೆ ನಮ್ಮ ಕಾಗದವು ಮೇಲಕ್ಕೆ ಬಂದಾಗ ಒಬ್ಬನ ಕಾಗದವು ಕೆಳಕ್ಕೆ ಹೋಯಿತು. ಅವನ ಮುಖವನ್ನು ನಾವು ನೋಡಲಿಲ್ಲ, ಅಷ್ಟೇ. ಕಾಗೋಡಿನ ಗೇಣಿದಾರರು ಕೇಳಿದ್ದು ದೊಡ್ಡ ಸಂಗತಿಯೇನಲ್ಲ: ಅಳೆಯುವ ಕೊಳಗವು ಎಲ್ಲರಿಗೂ ಒಂದೇ ಆಗಿರಲಿ ಎಂದು. ಆ ಒಂದೇ ಕೊಳಗವನ್ನು ಕಚೇರಿಯಿಂದ ಕೇಳುವ ಮೊದಲು, ನಮ್ಮ ಮನೆಯ ಕಣದಲ್ಲಿ ಎಷ್ಟು ಕೊಳಗಗಳನ್ನು ಇಟ್ಟುಕೊಂಡಿದ್ದೇವೆಂದು ಈ ರಾತ್ರಿ ದೀಪ ಹಚ್ಚಿ ನೋಡಿಕೊಳ್ಳೋಣ.